ಕಲ್ಲಂಗಡಿ ಸಪ್ಪೆ, ಕರಬೂಜ ಗಟ್ಟಿ: ದೋಷ ಎಲ್ಲಿ ಸೇರಿತು, ಪತ್ತೆ ಮಾಡುವುದು ಹೇಗೆ

ರಸ್ತೆ ಬದಿಯಲ್ಲಿ ಕಲ್ಲಂಗಡಿ ರಾಶಿ ಬಿದ್ದ ವಾರದಿಂದಲೇ ದೂರುಗಳೂ ಶುರು. ಕೊಯ್ದರೆ ಒಳಗೆ ಬಿಳಿ. ಕೆಂಪಗಿದೆ, ಆದರೆ ಸಪ್ಪೆ. ನಡುವೆ ಸೀಳು ಬಿಟ್ಟು ಟೊಳ್ಳಾಗಿದೆ. ಕರಬೂಜ ಅಂತ ತಂದರೆ ಸೌತೆಕಾಯಿ ತಿಂದ ಹಾಗಿದೆ. ಐದಾರು ಕೆಜಿ ಹೊತ್ತು ತಂದು, ಮನೆಮಂದಿಯೆಲ್ಲ ತಟ್ಟೆ ಹಿಡಿದು ಕೂತಾಗ ಹೀಗಾದರೆ ಬೇಜಾರಾಗದೆ ಇರುತ್ತದೆಯೇ? "ಹಣ್ಣಿನ ವಿಷಯ ಎಲ್ಲ ಅದೃಷ್ಟ ಬಿಡಿ" ಎನ್ನುವವರೇ ಜಾಸ್ತಿ. ನಾನು ಇದನ್ನು ಒಪ್ಪುವುದಿಲ್ಲ. ಈ ದೂರುಗಳಲ್ಲಿ ಮುಕ್ಕಾಲು ಪಾಲಿಗೆ ಕಾರಣ ಗೊತ್ತಿದೆ. ಅರ್ಧದಷ್ಟನ್ನಾದರೂ ದುಡ್ಡು ಕೊಡುವ ಮೊದಲೇ ಹಿಡಿಯಬಹುದು.

ದೋಷ ಸೇರುವ ಜಾಗಗಳು ನಾಲ್ಕೇ: ಹೊಲ, ಕಟಾವು, ಲಾರಿ ಮತ್ತು ಅಂಗಡಿ, ಕೊನೆಗೆ ನಿಮ್ಮ ಅಡುಗೆಮನೆ. ಎಲ್ಲಿ ಸೇರಿತು ಅಂತ ಗೊತ್ತಾದರೆ ಮುಂದಿನ ಸಲ ಏನು ನೋಡಬೇಕು ಅನ್ನುವುದೂ ಗೊತ್ತಾಗುತ್ತದೆ.

ಅದಕ್ಕೂ ಮೊದಲು ಒಂದು ಮಾತು. ಇದು ಗೊತ್ತಿಲ್ಲದಿದ್ದರೆ ಉಳಿದ ಯಾವ ಪರೀಕ್ಷೆಯೂ ಅರ್ಥವಾಗುವುದಿಲ್ಲ. ಬಾಳೆಕಾಯಿ, ಮಾವಿನಕಾಯಿ ತಮ್ಮೊಳಗೆ ಪಿಷ್ಟ ಕೂಡಿಟ್ಟುಕೊಂಡಿರುತ್ತವೆ. ಕಿತ್ತ ಮೇಲೆ ಆ ಪಿಷ್ಟ ಸಕ್ಕರೆಯಾಗುತ್ತದೆ, ಕಾಯಿ ಹಣ್ಣಾಗುತ್ತದೆ. ಕಲ್ಲಂಗಡಿಯಲ್ಲಿ ಹೀಗೆ ಕೂಡಿಟ್ಟದ್ದು ಏನೂ ಇರುವುದಿಲ್ಲ. ಎಲೆ ದಿನಾ ತಯಾರಿಸುವ ಸಕ್ಕರೆ ಬಳ್ಳಿಯಲ್ಲಿ ಹರಿದು, ತೊಟ್ಟಿನ ಮೂಲಕ ಒಳಗೆ ಬರಬೇಕು. ತೊಟ್ಟು ಕತ್ತರಿಸಿದ ಗಳಿಗೆಗೆ ಸಿಹಿಯ ಲೆಕ್ಕ ಮುಗಿಯಿತು. ಕರಬೂಜವೂ ಸಿಹಿಯ ವಿಷಯದಲ್ಲಿ ಇದೇ ಜಾತಿ. ಕಿತ್ತ ಮೇಲೆ ಅದು ಮೆತ್ತಗಾಗುತ್ತದೆ, ಘಮ ಬರುತ್ತದೆ, ಆದರೆ ಸಕ್ಕರೆ ಏರುವುದಿಲ್ಲ. ಹಾಗಾಗಿ "ಮನೇಲಿ ಎರಡು ದಿನ ಇಡಿ ಸಾರ್, ಸಿಹಿ ಆಗುತ್ತೆ" ಅಂತ ಯಾರಾದರೂ ಹೇಳಿದರೆ ಆ ಹಣ್ಣನ್ನು ಅಲ್ಲೇ ಬಿಟ್ಟು ಬನ್ನಿ.

ದೂರು 1: ಕೊಯ್ದರೆ ಬಿಳಿ, ಇಲ್ಲಾ ತೆಳು ಗುಲಾಬಿ

ಇದು ಕಟಾವಿನ ದೋಷ. ಎಳೆ ಕಾಯಿಯನ್ನೇ ಕಿತ್ತಿದ್ದಾರೆ. ಹೂ ಕಾಯಿಕಟ್ಟಿದ ಮೇಲೆ ಬಲಿಯಲು ಸುಮಾರು 35ರಿಂದ 45 ದಿನ ಬೇಕು. ಶಿವರಾತ್ರಿಗೆ, ರಂಜಾನ್ ತಿಂಗಳಿಗೆ ಬೇಡಿಕೆ ಒಮ್ಮೆಲೇ ಏರುತ್ತದೆ, ಬೆಲೆಯೂ ಏರುತ್ತದೆ. ಆಗ ಒಂದು ವಾರ ಕಾಯುವುದು ರೈತರಿಗೂ ಕಷ್ಟ, ಹೊಲಕ್ಕೇ ಬಂದು ಒಟ್ಟಿಗೆ ಖರೀದಿ ಮಾಡುವ ವ್ಯಾಪಾರಿಗೂ ಕಷ್ಟ. ಒಂದೇ ಹೊಲದಲ್ಲಿ ಬಲಿತದ್ದೂ ಎಳೆಯದೂ ಒಟ್ಟಿಗೆ ಲಾರಿ ಹತ್ತುತ್ತವೆ. ಅದಕ್ಕೇ ಒಂದೇ ರಾಶಿಯಲ್ಲಿ ಪಕ್ಕದವರಿಗೆ ಸಕ್ಕರೆಯಂಥ ಹಣ್ಣು ಸಿಕ್ಕು, ನಿಮಗೆ ಬಿಳಿ ಕಾಯಿ ಬರುವುದು.

ಇದನ್ನು ಹಿಡಿಯಲು ನಾನು ಎಲ್ಲಕ್ಕಿಂತ ಜಾಸ್ತಿ ನಂಬುವುದು ಹೊಟ್ಟೆಯ ಮಚ್ಚೆಯನ್ನು. ಕಾಯಿ ಹೊಲದಲ್ಲಿ ಒಂದೇ ಮಗ್ಗುಲಲ್ಲಿ ಮಲಗಿ ಬೆಳೆಯುತ್ತದೆ. ನೆಲಕ್ಕೆ ತಾಗಿದ ಜಾಗಕ್ಕೆ ಬಿಸಿಲು ಬೀಳುವುದಿಲ್ಲ, ಅಲ್ಲಿ ಹಸಿರು ಇರುವುದಿಲ್ಲ. ಎಳೆಯದಾಗಿದ್ದಾಗ ಆ ಮಚ್ಚೆ ಬಿಳಿ, ಅಥವಾ ಹಸಿರು ಕಲೆತ ಬಿಳಿ. ಬಲಿಯುತ್ತಾ ಬಂದಂತೆ ಕೆನೆ ಬಣ್ಣ, ಪೂರ್ತಿ ಹಣ್ಣಾದಾಗ ಬೆಣ್ಣೆ ಹಳದಿ. ಮಲ್ಚಿಂಗ್ ಹಾಳೆ (ನೆಲಕ್ಕೆ ಹೊದಿಸುವ ಪ್ಲಾಸ್ಟಿಕ್) ಮೇಲೆ ಬೆಳೆದ ಕಾಯಿಗೂ ಮಚ್ಚೆ ಇದ್ದೇ ಇರುತ್ತದೆ. ಮಣ್ಣು ಅಂಟಿರುವುದಿಲ್ಲ, ಅಷ್ಟೇ.

ಅಂಗಡಿಯಲ್ಲಿ ಹಣ್ಣು ಜೋಡಿಸುವಾಗ ಈ ಮಚ್ಚೆ ಕೆಳಗೆ ಬರುವಂತೆ ಇಡುತ್ತಾರೆ. ಹಸಿರು ಮೇಲಿದ್ದರೆ ರಾಶಿ ಚೆನ್ನಾಗಿ ಕಾಣುತ್ತದಲ್ಲ. ಅದಕ್ಕೇ ಹಣ್ಣು ತಿರುಗಿಸದೆ ಕೊಳ್ಳಬೇಡಿ. "ಅಣ್ಣ, ಅದನ್ನ ಸ್ವಲ್ಪ ತಿರುಗಿಸಿ ತೋರಿಸಿ" ಎಂದರೆ ಯಾರೂ ಬೇಡ ಅನ್ನುವುದಿಲ್ಲ. ಬಣ್ಣವನ್ನು ಬಿಸಿಲಿನಲ್ಲಿ ನೋಡಿ. ತಳ್ಳುಗಾಡಿಯ ಮೇಲೆ ಕಟ್ಟಿದ ಕೆಂಪು, ನೀಲಿ ಟಾರ್ಪಾಲಿನ ಕೆಳಗೆ ಕೆನೆ ಬಣ್ಣಕ್ಕೂ ಬಿಳಿಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಸೂಪರ್ ಮಾರ್ಕೆಟಿನ ಹಳದಿ ದೀಪದ ಕೆಳಗೆ ಬಿಳಿ ಮಚ್ಚೆಯೂ ಹಳದಿ ಕಾಣುತ್ತದೆ. ಅಂಥ ಕಡೆ ಒಂದು ಬಿಳಿ ಕಾಗದವನ್ನೋ ಬಿಲ್ಲನ್ನೋ ಮಚ್ಚೆಯ ಪಕ್ಕ ಹಿಡಿಯಿರಿ. ಕಾಗದಕ್ಕೂ ಮಚ್ಚೆಗೂ ಬಣ್ಣ ಒಂದೇ ಆಗಿ ಕಂಡರೆ ಕಾಯಿ ಎಳೆಯದು.

ಪಟ್ಟೆ ಇರುವ ದೊಡ್ಡ ಕಾಯಿಯಾಗಲಿ (ಮಾರುಕಟ್ಟೆಯಲ್ಲಿ ಅದಕ್ಕೆ ನಾಮಧಾರಿ ಅನ್ನುತ್ತಾರೆ), ಕಡು ಹಸಿರಿನ ಉದ್ದನೆಯ ಚಿಕ್ಕ ಕಿರಣ್ ಕಾಯಿಯಾಗಲಿ, ಈ ಲೆಕ್ಕ ಎರಡಕ್ಕೂ ನಡೆಯುತ್ತದೆ. ಆದರೆ ಹೋಲಿಸುವಾಗ ಒಂದೇ ತಳಿಯ ಕಾಯಿಗಳನ್ನು ಪಕ್ಕ ಪಕ್ಕ ಇಟ್ಟು ಹೋಲಿಸಿ.

ಸಿಪ್ಪೆಯ ಹೊಳಪು ಎರಡನೆಯ ಗುರುತು. ಎಳೆಯದು ಮಿರಮಿರ ಮಿನುಗುತ್ತದೆ, ಬಲಿತದ್ದು ಸ್ವಲ್ಪ ಮಂಕು. ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟ ಅಂಗಡಿಯಲ್ಲಿ ಈ ಗುರುತು ಕೈಕೊಡುತ್ತದೆ. ತೊಟ್ಟಿನ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಇದೆ. ಒಣಗಿದ ತೊಟ್ಟು ಅಂದರೆ ಹಣ್ಣಾಗಿದೆ ಅಂತ ಹೇಳುತ್ತಾರೆ. ಕಲ್ಲಂಗಡಿ ತಾನಾಗಿ ಬಳ್ಳಿ ಬಿಡುವುದಿಲ್ಲ, ತೊಟ್ಟು ಸೇರಿಸಿಯೇ ಕತ್ತರಿಸುತ್ತಾರೆ. ಕತ್ತರಿಸಿದ ತೊಟ್ಟು ಬಿಸಿಲಲ್ಲಿ ಎರಡು ಮೂರು ದಿನದಲ್ಲಿ ಒಣಗುತ್ತದೆ, ಹಣ್ಣು ಎಳೆಯದಾಗಿದ್ದರೂ. ಅಂಗಡಿಯಲ್ಲಿ ಕಾಣುವ ತೊಟ್ಟು ಹೇಳುವುದು ಕಟಾವಾಗಿ ಎಷ್ಟು ದಿನವಾಯಿತು ಎಂಬುದನ್ನು. ರೈತರು ನೋಡುವುದು ತೊಟ್ಟಿನ ಪಕ್ಕದಲ್ಲಿ ಹುಟ್ಟುವ ಸುರುಳಿ ಕುಡಿಯನ್ನು. ಬಳ್ಳಿಯಲ್ಲಿರುವಾಗಲೇ ಅದು ಒಣಗಿ ಕಂದು ಬಣ್ಣಕ್ಕೆ ತಿರುಗಿದರೆ ಕಾಯಿ ಬಲಿತಿದೆ ಅಂತ ಲೆಕ್ಕ. ಆ ಕುಡಿ ಬಳ್ಳಿಯ ಜೊತೆ ಹೊಲದಲ್ಲೇ ಉಳಿಯುತ್ತದೆ. ನೇರವಾಗಿ ಹೊಲದಲ್ಲೇ ಕೊಳ್ಳುವ ಭಾಗ್ಯ ಇರುವವರು ಅದನ್ನು ನೋಡಲಿ.

ಬೀಜ ಬಿಳಿ ಇದ್ದರೆ? ಬೀಜದ ತಳಿಯಲ್ಲಿ ಬಿಳಿ ಬೀಜ ಎಳೆತನದ ಗುರುತು, ನಿಜ. ಆದರೆ ಬೀಜರಹಿತ ಕಲ್ಲಂಗಡಿ ಬೇರೆ. ಜಪಾನಿನ ಸಸ್ಯತಜ್ಞ ಹಿತೋಷಿ ಕಿಹಾರ ಕಳೆದ ಶತಮಾನದ ನಡುವೆ ಬೆಳೆಸಿ ತೋರಿಸಿದ ಈ ಜಾತಿಯಲ್ಲಿ ಬೀಜ ಬೆಳೆಯುವುದೇ ಇಲ್ಲ. ಬೀಜದ ಮೆತ್ತನೆಯ ಬಿಳಿ ಸಿಪ್ಪೆಗಳಷ್ಟೇ ಉಳಿಯುತ್ತವೆ. ಅಮೆರಿಕದ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಇದೇ. ಅಲ್ಲಿರುವ ನಮ್ಮವರು ಬಿಳಿ ಬೀಜ ನೋಡಿ ಗಾಬರಿಯಾಗಬೇಕಿಲ್ಲ.

ದೂರು 2: ಕೆಂಪಗಿದೆ, ಆದರೆ ಸಪ್ಪೆ

ಎಲ್ಲರನ್ನೂ ತಲೆಕೆಡಿಸುವ ದೋಷ ಇದು. ಯಾಕೆಂದರೆ ಕೆಂಪು ಬಣ್ಣವೇ ಸಿಹಿ ಅಂತ ನಾವು ಅಂದುಕೊಂಡಿದ್ದೇವೆ. ಕೆಂಪು ಬರುವುದು ಲೈಕೋಪೀನ್ ಎಂಬ ಬಣ್ಣದಿಂದ. ಟೊಮೆಟೊಗೂ ಅದೇ ಬಣ್ಣ. ಅದಕ್ಕೂ ಸಕ್ಕರೆಗೂ ನೇರ ಸಂಬಂಧವಿಲ್ಲ. ಹಳದಿ ತಿರುಳಿನ ಕಲ್ಲಂಗಡಿ ತಿಂದವರಿಗೆ ಇದು ಗೊತ್ತೇ ಇದೆ.

ಮೊದಲು ಒಂದು ಸುಲಭದ ಪರೀಕ್ಷೆ ಮಾಡಿ. ಹಣ್ಣು ಫ್ರಿಜ್ಜಿನಿಂದ ಈಗಷ್ಟೇ ತೆಗೆದದ್ದಾ? ತುಂಬಾ ತಣ್ಣಗಿದ್ದರೆ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಒಂದು ತುಂಡನ್ನು ಕಾಲು ಗಂಟೆ ಹೊರಗಿಟ್ಟು ತಿಂದು ನೋಡಿ. ಆಗ ಸಿಹಿ ಬಂದರೆ ಹಣ್ಣಿನಲ್ಲಿ ತಪ್ಪಿಲ್ಲ.

ಎರಡನೆಯದು, ನೀವು ತಿಂದದ್ದು ಯಾವ ಜಾಗದ ತುಂಡು? ಕಲ್ಲಂಗಡಿಯಲ್ಲಿ ನಡುಭಾಗ ಜಾಸ್ತಿ ಸಿಹಿ, ಸಿಪ್ಪೆಯ ಕಡೆಗೆ ಬಂದಂತೆ ಸಿಹಿ ಇಳಿಯುತ್ತದೆ. ಅಡ್ಡಡ್ಡ ಬಿಲ್ಲೆ ಮಾಡಿ ಹಂಚಿದರೆ ಒಬ್ಬರಿಗೆ ನಡುವಿನದು, ಇನ್ನೊಬ್ಬರಿಗೆ ಬರೀ ಅಂಚು. ಉದ್ದಕ್ಕೆ ಹೋಳು ಮಾಡಿದರೆ ಎಲ್ಲರಿಗೂ ನಡುವಿನ ಪಾಲು ಸಿಗುತ್ತದೆ.

ಎರಡೂ ಅಲ್ಲ, ನಡುಭಾಗವೇ ಸಪ್ಪೆ ಅಂದರೆ ದೋಷ ಹೊಲದ್ದು. ಹಣ್ಣಿನ ತೂಕದಲ್ಲಿ ನೂರಕ್ಕೆ 91-92 ಭಾಗ ನೀರೇ. ಕಟಾವಿಗೆ ಮುಂಚೆ ಜೋರು ಮಳೆ ಬಿದ್ದರೆ, ಅಥವಾ ತೂಕ ಬರಲಿ ಅಂತ ಕೊನೆಯವರೆಗೂ ಡ್ರಿಪ್ ಓಡಿಸಿದರೆ, ಸಕ್ಕರೆ ತೆಳುವಾಗುತ್ತದೆ. ಒಳ್ಳೆಯ ಬೆಳೆಗಾರರು ಕಟಾವಿಗೆ ಕೆಲವು ದಿನ ಇರುವಾಗಲೇ ನೀರು ಕಡಿಮೆ ಮಾಡುತ್ತಾರೆ. ತೂಕ ಸ್ವಲ್ಪ ಬಿಟ್ಟುಕೊಡುತ್ತಾರೆ, ರುಚಿ ಬಿಟ್ಟುಕೊಡುವುದಿಲ್ಲ. ಅಂಥವರ ಹಣ್ಣಿಗೆ ಕೆಜಿಗೆ ಎರಡು ರೂಪಾಯಿ ಜಾಸ್ತಿ ಕೊಡಲು ನನಗೆ ಖುಷಿಯೇ. ರೋಗ ಬಂದು ಎಲೆ ಸುಟ್ಟ ಹೊಲದಲ್ಲೂ ಸಿಹಿ ಇಳಿಯುತ್ತದೆ. ಸಕ್ಕರೆ ತಯಾರಾಗುವುದೇ ಎಲೆಯಲ್ಲಿ ಅಲ್ವಾ? ಎಲೆ ಹೋದ ಮೇಲೆ ಕಾಯಿ ಕೆಂಪಾಗಬಹುದು, ಸಿಹಿ ತುಂಬುವುದು ಕಷ್ಟ.

ಈ ದೋಷವನ್ನು ಹೊರಗಿನಿಂದ ಪತ್ತೆ ಮಾಡಲು ಆಗುವುದಿಲ್ಲ. ಮಚ್ಚೆ ಹಳದಿ ಇರುತ್ತದೆ, ಶಬ್ದವೂ ಸರಿ ಇರುತ್ತದೆ. ಉಳಿದಿರುವುದು ಎರಡು ದಾರಿ. ಒಂದು, ಕೇಳುವುದು: "ಎಲ್ಲಿಯ ಮಾಲು ಇದು? ಆ ಕಡೆ ಮಳೆ ಆಗಿತ್ತಾ?" ಅಶ್ವಿನಿ, ಭರಣಿ ಮಳೆ ಜೋರಾಗಿ ಹಿಡಿದ ವಾರದಲ್ಲಿ ಸಪ್ಪೆ ಹಣ್ಣು ಜಾಸ್ತಿ ಬರುತ್ತದೆ. ಆಗ ಇಡೀ ಹಣ್ಣು ಬಿಟ್ಟು, ಒಂದು ಹೋಳು ತಿಂದು ನೋಡಿಯೇ ಕೊಳ್ಳಿ.

ಇನ್ನೊಂದು, ತಿಂದು ನೋಡುವುದು. ಕೆಲವರು ಹಣ್ಣಿನ ಮೇಲೆ ತ್ರಿಕೋನವಾಗಿ ಚಾಕು ಹಾಕಿ ಒಂದು ತುಂಡು ಎಬ್ಬಿಸಿ ತೋರಿಸುತ್ತಾರೆ. ಬಣ್ಣ ನೋಡಿ ಒಪ್ಪಿಕೊಂಡುಬಿಡಬೇಡಿ, ಬಾಯಿಗೆ ಹಾಕಿಕೊಳ್ಳಿ. ತುಂಡಿನ ತುದಿ ಹಣ್ಣಿನ ನಡುವಿಗೆ ಹತ್ತಿರ ಇರುತ್ತದೆ, ಅದು ಉಳಿದ ಭಾಗಕ್ಕಿಂತ ಸಿಹಿ ಇದ್ದೇ ಇರುತ್ತದೆ. ಸಿಪ್ಪೆಯ ಕಡೆಯಿಂದ ಒಂದು ಬೆರಳಷ್ಟು ಒಳಗಿನ ಭಾಗ ಕಚ್ಚಿ ನೋಡಿ. ಅದೂ ಸಿಹಿ ಇದ್ದರೆ ಇಡೀ ಹಣ್ಣು ಚೆನ್ನಾಗಿದೆ. ಹೀಗೆ ಚಾಕು ಹಾಕಿಸಿಕೊಂಡ ಹಣ್ಣನ್ನು ಅದೇ ದಿನ ತಿಂದು ಮುಗಿಸಬೇಕು, ಇಟ್ಟುಕೊಳ್ಳಬಾರದು. ಚಾಕು ಎಷ್ಟು ಶುಚಿಯಾಗಿತ್ತು ಅಂತ ಹೇಗೆ ಹೇಳುವುದು?

ಬೆಳೆಗಾರರು, ದೊಡ್ಡ ಖರೀದಿದಾರರು ಬ್ರಿಕ್ಸ್ ಮೀಟರ್ ಇಟ್ಟುಕೊಂಡಿರುತ್ತಾರೆ. ಒಂದು ಹನಿ ರಸ ಹಾಕಿದರೆ ಸಕ್ಕರೆಯ ಪ್ರಮಾಣ ತೋರಿಸುತ್ತದೆ. 8ಕ್ಕಿಂತ ಕಡಿಮೆ ಬಂದರೆ ಸಪ್ಪೆ, 10 ದಾಟಿದರೆ ಒಳ್ಳೆಯದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕಾ ಮಾಣಿಕ್ ತಳಿ ಚೆನ್ನಾಗಿ ಬೆಳೆದರೆ 12ರ ಮೇಲೆ ಹೋಗುತ್ತದೆ. ತಳಿಗೂ ಸಿಹಿಗೂ ಸಂಬಂಧ ಇದೆ ಅನ್ನುವುದಕ್ಕೆ ಇದನ್ನು ಹೇಳಿದೆ.

ತಟ್ಟಿ ನೋಡುವುದು: ಎಷ್ಟು ನಂಬಬೇಕು

ಎಲ್ಲರೂ ತಟ್ಟುತ್ತಾರೆ. ಏನು ಕೇಳಬೇಕು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೀಗೆ ಮಾಡಿ. ಹಣ್ಣನ್ನು ಎಡಗೈ ಅಂಗೈ ಮೇಲೆ, ಇಲ್ಲಾ ತೊಡೆಯ ಮೇಲೆ ಇಟ್ಟುಕೊಳ್ಳಿ. ನೆಲದ ಮೇಲೋ ರಾಶಿಯ ಮೇಲೋ ಇದ್ದರೆ ಶಬ್ದ ಅಲ್ಲೇ ಸತ್ತುಹೋಗುತ್ತದೆ. ಬಲಗೈ ಬೆರಳಿನ ಗೆಣ್ಣಿನಿಂದ ನಡುಭಾಗಕ್ಕೆ ತಟ್ಟಿ. ಎಳೆ ಕಾಯಿ ಟಣ್ ಟಣ್ ಅಂತ ಏರು ದನಿಯಲ್ಲಿ ಕೇಳುತ್ತದೆ. ಹದವಾದ ಹಣ್ಣು ಡಬ್ ಡಬ್ ಅಂತ ತಗ್ಗಿನ, ತುಂಬಿದ ದನಿ ಕೊಡುತ್ತದೆ, ಕೆಳಗಿನ ಅಂಗೈಗೆ ಕಂಪನ ತಾಗುತ್ತದೆ. ಮಾಗಿ ಮೀರಿದ್ದು ಥಪ್ ಅಂತ ಸತ್ತ ಶಬ್ದ ಮಾಡುತ್ತದೆ, ಅಂಗೈಗೆ ಏನೂ ತಾಗುವುದಿಲ್ಲ.

ಇಲ್ಲಿ ಒಂದು ತೊಡಕಿದೆ. ದೊಡ್ಡ ಹಣ್ಣಿನ ದನಿ ಹೇಗಿದ್ದರೂ ತಗ್ಗೇ, ಚಿಕ್ಕ ಹಣ್ಣಿನದು ಏರೇ. ಹಾಗಾಗಿ ಒಂದೇ ಹಣ್ಣನ್ನು ತಟ್ಟಿ ತೀರ್ಪು ಕೊಡಬೇಡಿ. ಒಂದೇ ಅಳತೆಯ ಮೂರು ನಾಲ್ಕು ಹಣ್ಣು ಆರಿಸಿ, ಒಂದರ ಹಿಂದೆ ಒಂದು ತಟ್ಟಿ. ಆಗ ವ್ಯತ್ಯಾಸ ಕಿವಿಗೆ ತಾನಾಗಿ ಬೀಳುತ್ತದೆ. ಗದ್ದಲದ ಸಂತೆಯಲ್ಲಿ ಶಬ್ದಕ್ಕಿಂತ ಅಂಗೈಯ ಕಂಪನವನ್ನೇ ನಂಬಿ.

ತೂಕದ ಬಗ್ಗೆಯೂ ಎಲ್ಲರೂ ಅರ್ಧ ಮಾತು ಹೇಳುತ್ತಾರೆ. ಗಾತ್ರಕ್ಕೆ ತಕ್ಕ ತೂಕ ಇರಬೇಕು, ಸರಿ. ಆದರೆ ಎಳೆ ಕಾಯಿಯೂ ಭಾರವೇ. ತೂಕದಿಂದ ಸಿಹಿ ತಿಳಿಯುವುದಿಲ್ಲ. ಗಾತ್ರಕ್ಕೆ ಹೋಲಿಸಿದರೆ ತೀರಾ ಹಗುರ ಅನ್ನಿಸಿದರೆ ಒಳಗೆ ಟೊಳ್ಳಾಗಿದೆ ಅಥವಾ ಬಹಳ ದಿನದ ಹಣ್ಣು, ಅಷ್ಟನ್ನು ತೂಕ ಹೇಳುತ್ತದೆ. ಮೊದಲು ಮಚ್ಚೆ, ಆಮೇಲೆ ಶಬ್ದ, ಕೊನೆಗೆ ತೂಕ. ನನ್ನ ಕ್ರಮ ಇದು.

ಗಂಡು ಕಲ್ಲಂಗಡಿ, ಹೆಣ್ಣು ಕಲ್ಲಂಗಡಿ ಅಂತ ಮೊಬೈಲಿನಲ್ಲಿ ಓಡಾಡುವ ವಿಡಿಯೋಗಳನ್ನು ಮರೆತುಬಿಡಿ. ಒಂದೇ ಬಳ್ಳಿಯಲ್ಲಿ ಗಂಡು ಹೂವೂ ಹೆಣ್ಣು ಹೂವೂ ಬರುತ್ತವೆ. ಕಾಯಿಕಟ್ಟುವುದು ಹೆಣ್ಣು ಹೂವು ಮಾತ್ರ. ಕಾಯಿಯಲ್ಲಿ ಗಂಡು ಹೆಣ್ಣು ಅಂತ ಇಲ್ಲ.

ದೂರು 3: ನಡುವೆ ಸೀಳು, ಟೊಳ್ಳು

ನೋಡಲು ಹೆದರಿಕೆಯಾಗುತ್ತದೆ, ತಿನ್ನಲು ಏನೂ ತೊಂದರೆಯಿಲ್ಲ. ಹೂವಿಗೆ ಸಾಕಷ್ಟು ಪರಾಗ ಸಿಗದಿದ್ದಾಗ, ಅಥವಾ ಕಾಯಿ ಒಮ್ಮೆಲೇ ಬಿರುಸಾಗಿ ಬೆಳೆದಾಗ ತಿರುಳು ನಡುವೆ ಬಿರಿಯುತ್ತದೆ. ಕಲ್ಲಂಗಡಿಯ ಹೆಣ್ಣು ಹೂವಿಗೆ ಜೇನುನೊಣ ಹಲವು ಸಲ ಬಂದು ಹೋಗಬೇಕು. ಹೂ ಬಿಡುವ ಹೊತ್ತಿನಲ್ಲಿ ಬೆಳಗ್ಗೆ ಔಷಧಿ ಹೊಡೆದರೆ ನೊಣ ಬರುವುದಿಲ್ಲ, ಕಾಯಿ ಸರಿಯಾಗಿ ತುಂಬುವುದಿಲ್ಲ. ಬಿರುಕಿನ ಪಕ್ಕದ ತಿರುಳು ಹಲವು ಸಲ ಒಳ್ಳೆಯ ಸಿಹಿಯಾಗಿಯೇ ಇರುತ್ತದೆ. ಬಿಸಾಡಬೇಡಿ. ತಿರುಳಿನಲ್ಲಿ ಬಿಳಿ ಗಟ್ಟಿ ಪಟ್ಟೆಗಳಿದ್ದರೆ ಅದು ನೀರು ಅಥವಾ ಸಾರಜನಕ ಗೊಬ್ಬರ ಅತಿಯಾದದ್ದರ ಗುರುತು. ಆ ಭಾಗ ತೆಗೆದು ಉಳಿದದ್ದು ತಿನ್ನಬಹುದು.

ದೂರು 4: ಹಿಟ್ಟು ಹಿಟ್ಟು, ಬೀಜದ ಸುತ್ತ ಲೋಳೆ

ಕಚ್ಚಿದರೆ ಕರಕರ ಅನ್ನಬೇಕಾದ ತಿರುಳು ಮರಳು ಮರಳಾಗಿ ಪುಡಿಯಾಗುತ್ತದೆ. ಒಂದೋ ಬಳ್ಳಿಯಲ್ಲೇ ಮಾಗಿ ಮೀರಿದೆ, ಇಲ್ಲವೇ ಕಿತ್ತು ಬಹಳ ದಿನವಾಗಿದೆ. ಅಂಗಡಿಯಲ್ಲಿ ಥಪ್ ಶಬ್ದ, ಪೂರ್ತಿ ಒಣಗಿ ಸುರುಟಿದ ತೊಟ್ಟು, ಒತ್ತಿದರೆ ಸ್ವಲ್ಪ ಬಗ್ಗುವ ಸಿಪ್ಪೆ, ಈ ಮೂರೂ ಸೇರಿದರೆ ಆ ಹಣ್ಣು ಬೇಡ.

ತಂದ ದಿನ ಸರಿಯಿದ್ದ ಹಣ್ಣು ನಾಲ್ಕೈದು ದಿನ ಬಿಟ್ಟು ಕೊಯ್ದಾಗ ಹೀಗಾಗಿದ್ದರೆ ದೋಷ ನಮ್ಮ ಮನೆಯದು. ಹಣ್ಣಿನ ಬುಟ್ಟಿ ನೋಡಿ. ಕಲ್ಲಂಗಡಿಯ ಪಕ್ಕದಲ್ಲಿ ಮಾಗಿದ ಬಾಳೆಹಣ್ಣು, ಪಪ್ಪಾಯ, ಕರಬೂಜ ಇಟ್ಟಿದ್ದೀರಾ? ಮಾಗುವ ಹಣ್ಣುಗಳು ಎಥಿಲೀನ್ ಎಂಬ ಅನಿಲ ಬಿಡುತ್ತವೆ. ಮಾವು, ಬಾಳೆ ಅದರಿಂದ ಬೇಗ ಹಣ್ಣಾಗುತ್ತವೆ. ಕಲ್ಲಂಗಡಿಗೆ ಮಾತ್ರ ಅದು ಕೇಡು. ತಿರುಳು ನೀರು ಕಟ್ಟಿ ಮೆತ್ತಗಾಗುತ್ತದೆ. ಕರಬೂಜ ಈ ಅನಿಲವನ್ನು ಧಾರಾಳವಾಗಿ ಬಿಡುವ ಹಣ್ಣು. ಒಂದೇ ಚೀಲದಲ್ಲಿ ತಂದ ಎರಡನ್ನೂ ಮನೆಗೆ ಬಂದ ಕೂಡಲೇ ಬೇರೆ ಮಾಡಿ. ಕಲ್ಲಂಗಡಿಯನ್ನು ಒಂದು ಮೂಲೆಯಲ್ಲಿ, ತಂಪು ನೆಲದ ಮೇಲೆ, ಒಂಟಿಯಾಗಿ ಇಡಿ. ಕೊಯ್ಯದ ಹಣ್ಣು ಹಾಗೆ ಒಂದು ವಾರ ಚೆನ್ನಾಗಿರುತ್ತದೆ. ಇಡೀ ಹಣ್ಣನ್ನು ದಿನಗಟ್ಟಲೆ ಫ್ರಿಜ್ಜಿನಲ್ಲಿ ತುರುಕಬೇಡಿ, ಅತಿ ತಂಪಿಗೆ ರುಚಿಯೂ ಬಣ್ಣವೂ ಕೆಡುತ್ತವೆ.

ದೂರು 5: ಕರಬೂಜ ಗಟ್ಟಿ, ಘಮವೇ ಇಲ್ಲ

ಕರಬೂಜಕ್ಕೆ ತಟ್ಟುವ ಪರೀಕ್ಷೆ ಕೆಲಸಕ್ಕೆ ಬರುವುದಿಲ್ಲ. ಇಲ್ಲಿ ಕಣ್ಣು ಮತ್ತು ಮೂಗು ಬೇಕು.

ಬಲೆ ಬಲೆ ಸಿಪ್ಪೆಯ, ಕಿತ್ತಳೆ ತಿರುಳಿನ ಕರಬೂಜ ಹಣ್ಣಾದಾಗ ಬಳ್ಳಿಯಿಂದ ತಾನೇ ಬಿಡಿಸಿಕೊಳ್ಳುತ್ತದೆ. ತೊಟ್ಟಿನ ಬುಡದಲ್ಲಿ ಸುತ್ತ ಒಂದು ಬಿರುಕು ಮೂಡಿ, ಮೆಲ್ಲಗೆ ಎತ್ತಿದರೆ ಕೈಗೆ ಬರುತ್ತದೆ. ಅಂಥ ಹಣ್ಣಿನ ತೊಟ್ಟಿನ ಜಾಗ ನೋಡಿ: ನಯವಾದ, ದುಂಡನೆಯ, ಸ್ವಲ್ಪ ತಗ್ಗಾದ ಕಲೆ ಇರುತ್ತದೆ, ತೊಟ್ಟಿನ ತುಂಡು ಒಂದು ಚೂರೂ ಇರುವುದಿಲ್ಲ. ತೊಟ್ಟು ಅಂಟಿಕೊಂಡೇ ಇದ್ದರೆ, ಕತ್ತರಿಸಿದ ಗುರುತು ಇದ್ದರೆ, ಅಥವಾ ಸಿಪ್ಪೆ ಹರಿದುಬಂದಿದ್ದರೆ, ಕಾಯಿ ತಾನಾಗಿ ಬಳ್ಳಿ ಬಿಡುವ ಮೊದಲೇ ಕಿತ್ತಿದ್ದಾರೆ. ಕಲ್ಲಂಗಡಿಯಲ್ಲಿ ತೊಟ್ಟು ನಂಬಬೇಡಿ ಅಂದೆ. ಕರಬೂಜದಲ್ಲಿ ಅದೇ ಮೊದಲ ಸಾಕ್ಷಿ.

ಆಮೇಲೆ ಬಲೆಯ ನಡುವಿನ ಬಣ್ಣ. ಬಲೆ ಎದ್ದು ಕಾಣಬೇಕು, ಬೆರಳಾಡಿಸಿದರೆ ಒರಟು ತಾಗಬೇಕು. ಅದರ ಸಂದಿನಲ್ಲಿ ಹಸಿರು ಕಂಡರೆ ಎಳೆಯದು, ಒಣಹುಲ್ಲಿನ ಬಣ್ಣ ಕಂಡರೆ ಹಣ್ಣು. ತೊಟ್ಟಿನ ಎದುರು ತುದಿಯನ್ನು, ಅಂದರೆ ಹೂ ಉದುರಿದ ಜಾಗವನ್ನು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಸ್ವಲ್ಪವೇ ಬಗ್ಗಬೇಕು. ಅಲ್ಲೇ ಮೂಗಿಟ್ಟು ನೋಡಿ. ಘಮ ಬಂದರೆ ಇವತ್ತೇ ತಿನ್ನುವ ಹಣ್ಣು. ಘಮದ ಜೊತೆ ಹುಳಿ ವಾಸನೆ ಸೇರಿದ್ದರೆ ಮೀರಿದೆ. ಎಸಿ ಅಂಗಡಿಯ ತಣ್ಣನೆಯ ಹಣ್ಣಿನಲ್ಲಿ ಘಮ ಅಡಗಿರುತ್ತದೆ, ಅಲ್ಲಿ ತೊಟ್ಟಿನ ಕಲೆಯನ್ನೇ ನಂಬಿ.

ನುಣುಪು ಸಿಪ್ಪೆಯ, ಬಿಳಿ ಅಥವಾ ತಿಳಿ ಹಸಿರು ತಿರುಳಿನ ಜಾತಿ ಬೇರೆ. ಅದು ಹಣ್ಣಾದರೂ ತಾನಾಗಿ ಬಳ್ಳಿ ಬಿಡುವುದಿಲ್ಲ, ಘಮವೂ ಕಡಿಮೆ. ಅದಕ್ಕೆ ಹಿನ್ನೆಲೆ ಬಣ್ಣವೇ ಗತಿ. ಹಸಿರು ಛಾಯೆ ಪೂರ್ತಿ ಹೋಗಿ ಕೆನೆ ಬಣ್ಣಕ್ಕೋ ಹಳದಿಗೋ ಬಂದಿರಬೇಕು.

ಗಟ್ಟಿ ಹಣ್ಣು ಮನೆಗೆ ಬಂದುಬಿಟ್ಟಿದ್ದರೆ? ತೊಟ್ಟಿನ ಕಲೆ ನಯವಾಗಿದ್ದು ಬರೀ ಗಟ್ಟಿಯಾಗಿದ್ದರೆ ಎರಡು ಮೂರು ದಿನ ಹೊರಗೆ ಇಡಿ, ಮೆತ್ತಗಾಗಿ ಘಮ ಬರುತ್ತದೆ. ಸಿಹಿ ಮೊದಲೇ ತುಂಬಿರುವುದರಿಂದ ಹಣ್ಣು ಚೆನ್ನಾಗಿರುತ್ತದೆ. ತೊಟ್ಟು ಕತ್ತರಿಸಿದ ಹಣ್ಣಾದರೆ ಮೆತ್ತಗಾದರೂ ಸಪ್ಪೆಯೇ. ಅದನ್ನು ತುರಿದು ಬೆಲ್ಲ, ಏಲಕ್ಕಿ, ನಿಂಬೆರಸ ಹಾಕಿ ಪಾನಕ ಮಾಡಿ. ರಾಮನವಮಿಗೆ ಹಲವು ಮನೆಗಳಲ್ಲಿ ಕರಬೂಜದ ಪಾನಕ ಮಾಡುವುದುಂಟು. ತೆಂಗಿನಹಾಲು ಹಾಕಿದರೆ ರಸಾಯನ. ಬೆಲ್ಲ ಬೀಳುವ ಕಡೆ ಹಣ್ಣಿನ ಸಿಹಿ ಕಡಿಮೆಯಿದ್ದರೂ ನಡೆಯುತ್ತದೆ.

ಕರಬೂಜವನ್ನು ಕೊಯ್ಯುವ ಮೊದಲು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಸಿಪ್ಪೆ ಬಿಸಾಡುತ್ತೇವಲ್ಲ, ಯಾಕೆ ತೊಳೆಯಬೇಕು ಅನ್ನಬೇಡಿ. ಆ ಬಲೆಯ ಸಂದಿಯಲ್ಲಿ ಮಣ್ಣೂ ರೋಗಾಣುಗಳೂ ಕೂತಿರುತ್ತವೆ, ಚಾಕು ಅವನ್ನು ತಿರುಳಿಗೆ ಎಳೆದುಕೊಂಡು ಹೋಗುತ್ತದೆ. 2011ರಲ್ಲಿ ಅಮೆರಿಕದ ಕೊಲರಾಡೋದಲ್ಲಿ ಬೆಳೆದ ಕರಬೂಜದಿಂದ ಲಿಸ್ಟೀರಿಯಾ ಸೋಂಕು ಹರಡಿ 33 ಜನ ಸತ್ತರು. ಒಂದು ನಿಮಿಷದ ಕೆಲಸ, ದಯವಿಟ್ಟು ಬಿಡಬೇಡಿ.

ದೂರು 6: ಹುಳಿ, ನೊರೆ, ಕಹಿ

ಇವುಗಳಿಗೆ ರಿಪೇರಿ ಇಲ್ಲ. ಸಿಪ್ಪೆಯಿಂದ ನೊರೆ ಬರುತ್ತಿದ್ದರೆ, ಕೊಯ್ದಾಗ ಬುಸ್ ಅಂದರೆ, ಹೆಂಡದ ವಾಸನೆ ಬಂದರೆ ಒಳಗೆ ಹುದುಗಿದೆ. ಬಿಸಾಡಿ. ಕಹಿ ಬಂದರೂ ಅಷ್ಟೇ. ಕಲ್ಲಂಗಡಿ, ಸೌತೆಯ ಕುಲದ ಗಿಡಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಸ್ತು ಇರುತ್ತದೆ, ಜಾಸ್ತಿಯಾದರೆ ವಾಂತಿ, ಭೇದಿ ಆಗುತ್ತದೆ. ಸಕ್ಕರೆ ಹಾಕಿ ಜ್ಯೂಸ್ ಮಾಡಿ ಮಕ್ಕಳಿಗೆ ಕೊಡುವುದಂತೂ ಬೇಡವೇ ಬೇಡ.

ಅನುಮಾನ: ಬಣ್ಣದ ಇಂಜೆಕ್ಷನ್ ಕೊಟ್ಟಿದ್ದಾರಾ?

ಚೆನ್ನಾಗಿ ಕೆಂಪಗಿರುವ ಹಣ್ಣು ಕಂಡರೆ ಈಗ ಮೊದಲು ಬರುವುದೇ ಈ ಅನುಮಾನ. 2025ರ ಬೇಸಿಗೆಯಲ್ಲಿ ತಮಿಳುನಾಡಿನಲ್ಲಿ ಈ ಸುದ್ದಿ ಹಬ್ಬಿ ಜನ ಹಣ್ಣು ಕೊಳ್ಳುವುದನ್ನೇ ಬಿಟ್ಟರು, ಬೆಲೆ ಕುಸಿದು ರೈತರು ನಷ್ಟ ತಿಂದರು. ಒಂದು ಸೂಜಿಯಿಂದ ಇಷ್ಟು ದೊಡ್ಡ ಹಣ್ಣಿನ ತಿರುಳಿಗೆಲ್ಲ ಒಂದೇ ಸಮ ಬಣ್ಣ ಹರಡುವುದು ಆಗದ ಮಾತು. ಚುಚ್ಚಿದ ಜಾಗದಿಂದ ಹಣ್ಣು ಬೇಗ ಕೊಳೆಯುತ್ತದೆ ಬೇರೆ. ಕತ್ತರಿಸಿಟ್ಟ ಹೋಳಿನ ಮೇಲೆ ಅನುಮಾನವಿದ್ದರೆ ಒಂದು ತುಂಡನ್ನು ಗಾಜಿನ ಲೋಟದ ನೀರಿಗೆ ಹಾಕಿ. ಲೈಕೋಪೀನ್ ನೀರಿನಲ್ಲಿ ಕರಗುವುದಿಲ್ಲ, ನೀರು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಬಣ್ಣ ಹಾಕಿದ್ದರೆ ಕೂಡಲೇ ಕೆಂಪು ಇಳಿಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ ತೋರಿಸಿಕೊಟ್ಟಿರುವುದು ಹತ್ತಿಯ ಪರೀಕ್ಷೆ: ಕೊಯ್ದ ತಿರುಳಿನ ಮೇಲೆ ಹತ್ತಿ ಉಜ್ಜಿದರೆ ಅದು ಕೆಂಪಾಗಬಾರದು. ನನಗೆ ಇಂಜೆಕ್ಷನ್‌ಗಿಂತ ಜಾಸ್ತಿ ಯೋಚನೆ, ಬಿಸಿಲಲ್ಲಿ ಗಂಟೆಗಟ್ಟಲೆ ತೆರೆದಿಟ್ಟ ಹೋಳುಗಳದ್ದು. ಅದರ ಮೇಲೆ ಕೂರುವ ನೊಣ ಕಣ್ಣಿಗೆ ಕಾಣುತ್ತದೆ, ಆದರೂ ಯಾರೂ ಕೇಳುವುದಿಲ್ಲ.

ಸಪ್ಪೆ ಹಣ್ಣು ಬಂದೇ ಬಿಟ್ಟಿತು, ಈಗೇನು?

ಕಲ್ಲಂಗಡಿ ಸಪ್ಪೆಯಾಗಿದ್ದರೆ ಚಿಟಿಕೆ ಉಪ್ಪು ಉದುರಿಸಿ, ಇರುವ ಸಿಹಿ ಎದ್ದು ತಿಳಿಯುತ್ತದೆ. ಉಪ್ಪು, ಖಾರದಪುಡಿ, ನಿಂಬೆ ಹಾಕಿದರೆ ಸಾಯಂಕಾಲಕ್ಕೆ ಒಳ್ಳೆಯ ತಿಂಡಿ. ಬಿಳಿ ಕಾಯಿ ಬಂದಿದ್ದರೆ ಅದನ್ನು ಹಣ್ಣು ಅನ್ನುವುದು ಬಿಟ್ಟು ತರಕಾರಿ ಮಾಡಿಕೊಳ್ಳಿ. ಹಸಿರು ಸಿಪ್ಪೆ ಹೆರೆದು ಹೋಳು ಮಾಡಿದರೆ ಹುಳಿಗೆ, ಪಲ್ಯಕ್ಕೆ ಆಗುತ್ತದೆ. ಕರಾವಳಿಯವರು ಬಚ್ಚಂಗಾಯಿಯ (ಕಲ್ಲಂಗಡಿಗೆ ಅಲ್ಲಿಯ ಹೆಸರು) ಸಿಪ್ಪೆಯ ಬಿಳಿ ಭಾಗವನ್ನು ನೆನೆಸಿದ ಅಕ್ಕಿ ಜೊತೆ ರುಬ್ಬಿ ದೋಸೆ ಹುಯ್ಯುತ್ತಾರೆ. ಮೆತ್ತಗೆ, ಬೆಳ್ಳಗೆ ಬರುತ್ತದೆ. ಚಟ್ನಿ ಖಾರ ಇರಲಿ.

ಕೊಯ್ದ ಮೇಲೆ ಮಿಕ್ಕ ಅರ್ಧವನ್ನು ಮುಚ್ಚಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ, ಎರಡು ಮೂರು ದಿನದಲ್ಲಿ ಮುಗಿಸಿ.

ಅಂಗಡಿಯವರಿಗೆ ದೂರು ಹೇಳುವುದಿದ್ದರೆ ಬರೀ "ಚೆನ್ನಾಗಿರಲಿಲ್ಲ" ಅನ್ನಬೇಡಿ. "ಮಚ್ಚೆ ಬಿಳಿ ಇತ್ತು, ಬೀಜವೂ ಬಿಳಿ ಇತ್ತು, ಎಳೆಯದು ಕಿತ್ತಿದ್ದಾರೆ" ಅಂತ ಹೇಳಿ. ಸಾಧ್ಯವಾದರೆ ಕೊಯ್ದ ಹಣ್ಣಿನ ಫೋಟೊ ತೋರಿಸಿ. ಬೆಳಗಿನ ಜಾವ ಬೆಂಗಳೂರಿನ ಸಿಂಗೇನ ಅಗ್ರಹಾರದ ಹಣ್ಣಿನ ಮಾರುಕಟ್ಟೆಯಲ್ಲೋ ಊರಿನ ಮಂಡಿಯಲ್ಲೋ ಲಾರಿ ಮುಂದೆ ನಿಂತು ಮಾಲು ಆರಿಸುವವರು ಅವರು. ಯಾವ ಲೋಡಿನ ಹಣ್ಣು ಎಳೆಯದಿತ್ತು, ಯಾವುದು ಮಳೆಗೆ ಸಪ್ಪೆಯಾಗಿತ್ತು ಅಂತ ಗೊತ್ತಾದರೆ ಮಾರನೆಯ ದಿನ ಆ ಮಾಲು ಬಿಟ್ಟು ಬೇರೆ ಹಿಡಿಯಲು ಅವರಿಗೂ ಅನುಕೂಲ.